ನಿಮ್ಮಣ್ಣನ ಸೋಲೊ

ಮಾರ್ಚ್ ೯, ಭಾನುವಾರ

ಪ್ರೀತಿಯ ಗಿಣಿ,

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಇದ್ದೇನೆ, ಕೆಲಸಕ್ಕೆ ಹೋಗುತ್ತಿದ್ದೇನೆ, ಹಸಿವಾದಾಗ ಏನಾದರೂ ತಿನ್ನುತ್ತಿದ್ದೇನೆ. ಸದ್ಯಕ್ಕೆ ಅಷ್ಟನ್ನೇ ಕ್ಷೇಮ ಎಂದುಕೋ. ನಿನ್ನ ಎರಡು ಪತ್ರಗಳೂ ತಲುಪಿವೆ. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು. ಬರೆಯಲು ಕೂತಾಗಲೆಲ್ಲ ಒಂದು ನೆಪ ಸಿಗುತ್ತಿತ್ತು. ಪರದೆ ಒಗೆದೆ, ಒಗೆದ ಪರದೆಯನ್ನೇ ಇನ್ನೊಮ್ಮೆ ಒಗೆದೆ. ಎರಡನೆಯ ಪತ್ರದಲ್ಲಿ ನೀನು ‘ಅತ್ತಿಗೆ, ನಾನು ಬರ್ಲಿಲ್ಲ ಅಂತ ಕೋಪಾನಾ?’ ಎಂದು ಕೇಳಿದ್ದು ಓದಿ ನಾಚಿಕೆಯಾಯಿತು. ಕೋಪ ಎಲ್ಲಿಯದು ಹುಚ್ಚಿ? ಹಡಗಿನಲ್ಲಿ ಹಾಡುವ ಕೆಲಸದವಳಿಗೆ ನಡುಗಡಲಿನಲ್ಲಿ ಇಳಿದು ನಡೆದು ಬರಲಾಗುತ್ತದೆಯೇ? ಫೋನಿನಲ್ಲಾದರೆ ನಾನು ‘ಹಲೋ’ ಅನ್ನುವಷ್ಟರಲ್ಲಿ ನೀನು ಅಳುತ್ತೀಯ, ನೀನು ಸುಧಾರಿಸಿಕೊಳ್ಳುವಷ್ಟರಲ್ಲಿ ನಾನು ಶುರುಮಾಡುತ್ತೇನೆ, ಆಮೇಲೆ ಲೈನು ಕಡಿದು ಹೋಗುತ್ತದೆ. ಅದಕ್ಕೇ ಮುಂದಿನ ಬಂದರಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಇದನ್ನು ಒಬ್ಬಳೇ ಇರುವಾಗ ಓದು.

ನೀನು ಕೇಳಿದ್ದು ಒಂದೇ. ಗ್ರಂಥಾಲಯದಲ್ಲಿ ನಾವು ನುಡಿಸಿದ ಕೊನೆಯ ಕಾರ್ಯಕ್ರಮದ ರೆಕಾರ್ಡಿಂಗ್ ಬೇಕು, ನಮ್ಮ ತಂಡದ ಹೆಸರಿನಲ್ಲಿ ಅದನ್ನು ಹೊರತರಬೇಕು, ಅಣ್ಣನ ಪಿಯಾನೋ ನಾಲ್ಕು ಜನ ಕೇಳಬೇಕು ಎಂದು. ನ್ಯಾಯವಾದ ಆಸೆಯೇ. ಕೊಡಲೋ ಬೇಡವೋ ಎಂದು ಇಷ್ಟು ದಿನ ನನ್ನೊಳಗೇ ಗುದ್ದಾಡಿದೆ. ಯಾಕೆ ಎಂದು ಹೇಳಬೇಕಾದರೆ ಆ ಸಂಜೆಯ ಕಥೆ ಪೂರ್ತಿ ಹೇಳಬೇಕು. ಆಸ್ಪತ್ರೆಯಿಂದ ನಿನಗೆ ಫೋನು ಮಾಡಿದಾಗ ‘ನುಡಿಸಿ ಮುಗಿಸಿದ ಮೇಲೆ ಕುಸಿದು ಬಿದ್ದರು’ ಎಂದಷ್ಟೇ ಹೇಳಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಮೊದಲು ಮನೆಯ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನಡುವೆ ಅದನ್ನೇ ಯೋಚಿಸುತ್ತೀಯ. ಪಿಯಾನೋ ಮುಂದಿನ ಕೋಣೆಯಲ್ಲೇ ಇದೆ. ನಿಮ್ಮಣ್ಣ ಊರೆಲ್ಲರ ಪಿಯಾನೋ ಶ್ರುತಿ ಮಾಡಿ ಬಂದು ನಮ್ಮದನ್ನು ಮಾತ್ರ ‘ನಾಳೆ ನೋಡೋಣ’ ಎಂದು ಬಿಡುತ್ತಿದ್ದರಲ್ಲ, ಅದು ಹಾಗೇ ಒಂದೆರಡು ಕಡೆ ಅಪಸ್ವರ ಇಟ್ಟುಕೊಂಡು ಕೂತಿದೆ. ಅವರ ಚೀಲದಲ್ಲಿ ತಂತಿ ತಿರುಗಿಸುವ ಕೀಲಿ, ಪಿಯಾನೋದ ಒಳಗಿನ ಪುಟ್ಟ ಸುತ್ತಿಗೆಗಳಿಗೆ ಅಂಟಿಸುವ ಉಣ್ಣೆಬಟ್ಟೆಯ ತುಂಡುಗಳು, ಎಲ್ಲ ಇದ್ದ ಹಾಗೇ ಇವೆ. ಬೇರೊಬ್ಬ ಶ್ರುತಿಗಾರರು ಬಂದು ‘ಮಾಡಿಕೊಡ್ಲಾ ಅಮ್ಮ?’ ಎಂದು ಕೇಳಿದರು. ಬೇಡ ಅಂದೆ. ನಾನು ಎಂದಿನಂತೆ ಕನ್ನಡಕದ ಅಂಗಡಿಗೆ ಹೋಗುತ್ತೇನೆ, ಗಾಜಿನ ಅಂಚು ತಿಕ್ಕುತ್ತೇನೆ, ಸಡಿಲವಾದ ತಿರುಪು ಬಿಗಿ ಮಾಡುತ್ತೇನೆ. ಬಂದವರು ‘ಈಗ ಚೆನ್ನಾಗಿ ಕಾಣುತ್ತೆ’ ಎಂದು ಖುಷಿಪಟ್ಟು ಹೋಗುತ್ತಾರೆ. ನನ್ನ ಆಳೆತ್ತರದ ತಂತಿವಾದ್ಯ, ಡಬಲ್ ಬೇಸ್, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ, ತಪ್ಪು ಮಾಡಿದ ಹುಡುಗನ ಹಾಗೆ. ಅದರದೇನೂ ತಪ್ಪಿಲ್ಲ ಪಾಪ.

ನಮ್ಮ ಡ್ರಮ್ಮಿನ ಹುಡುಗ ಗಡಿಬಿಡಿ ದಿನವೂ ಬೇಕರಿಯ ಪಾಳಿ ಮುಗಿಸಿ ಹೋಗುವಾಗ ನಮ್ಮ ಬಾಗಿಲ ಹಿಡಿಗೆ ಬ್ರೆಡ್ಡಿನ ಚೀಲ ಸಿಕ್ಕಿಸಿ ಓಡುತ್ತಾನೆ. ಕರೆದರೂ ನಿಲ್ಲುವುದಿಲ್ಲ. ಡ್ರಮ್ಮಿನಲ್ಲಿ ತಾಳ ಓಡಿಸುತ್ತಾನೆ ಎಂದು ನಿಮ್ಮಣ್ಣ ಇಟ್ಟ ಹೆಸರು, ದುಃಖದಲ್ಲೂ ಅವನದು ಗಡಿಬಿಡಿಯೇ. ನಮ್ಮ ಹಲ್ಲಿನ ಡಾಕ್ಟರು ಸ್ಯಾಕ್ಸೋಫೋನಿನ ಪೆಟ್ಟಿಗೆಯನ್ನು ತೆರೆದೇ ಇಲ್ಲ. ಮೊನ್ನೆ ಬಂದು, ಚಹಾ ಲೋಟ ಹಿಡಿದುಕೊಂಡು, ಕುಡಿಯದೆ, ‘ಡಾಕ್ಟ್ರು ಅಂತ ಬೋರ್ಡು ಹಾಕ್ಕೊಂಡಿದ್ದೀನಮ್ಮ. ಎರಡು ಮಾರು ದೂರದಲ್ಲಿ ನಿಂತಿದ್ದೆ. ನನಗೂ ಗೊತ್ತಾಗ್ಲಿಲ್ವಲ್ಲ’ ಎಂದು ಅತ್ತರು. ‘ಹಲ್ಲು ಬಿಟ್ಟರೆ ಬೇರೇನೂ ಗೊತ್ತಿಲ್ಲ ಅಂತ ನೀವೇ ಹೇಳ್ಕೊಂಡು ತಿರುಗ್ತಿದ್ರಲ್ಲ ಡಾಕ್ಟ್ರೇ’ ಎಂದೆ. ಇಬ್ಬರೂ ನಕ್ಕೆವು. ನಕ್ಕದ್ದಕ್ಕೆ ಇಬ್ಬರಿಗೂ ಬೇಜಾರಾಯಿತು.

ಈಗ ಆ ಸಂಜೆಗೆ ಬರುತ್ತೇನೆ.

ನೀನು ಇದ್ದಾಗ ನಮಗೆ ಸನ್ನೆಯ ಅಗತ್ಯವೇ ಇರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಸೋಲೊ, ಒಬ್ಬರೇ ಮನಸ್ಸಿಗೆ ಬಂದಂತೆ ನುಡಿಸುವ ಸರದಿ, ಮುಗಿಸುತ್ತಿದ್ದ ಹಾಗೆ ನೀನು ಮೈಕಿನ ಹತ್ತಿರ ಬರುತ್ತಿದ್ದೆ, ನಾವೆಲ್ಲ ಕುರಿಮಂದೆಯ ಹಾಗೆ ನಿನ್ನ ಹಿಂದೆ ಮೂಲ ಧಾಟಿಗೆ ಮರಳುತ್ತಿದ್ದೆವು. ನೀನು ಹಡಗು ಹತ್ತಿದ ಮೇಲೆ ನಾವು ನಾಲ್ವರೂ ಒಂದೇ ಸುತ್ತಿನಲ್ಲಿ ತಿರುಗುತ್ತಾ ಇರುತ್ತಿದ್ದೆವು, ಇಳಿಯುವುದು ಎಲ್ಲಿ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆಗ ಡಾಕ್ಟರು ಒಂದು ಪದ್ಧತಿ ತಂದರು. ಮೂಲ ಧಾಟಿಗೆ ಜಾಝ್‌ನವರು ‘ಹೆಡ್’ ಅನ್ನುತ್ತಾರಲ್ಲ, ಅದಕ್ಕೇ ಸೋಲೊ ಮುಗಿಸಿದವರು ತಲೆ ಮುಟ್ಟಿಕೊಳ್ಳಬೇಕು. ಮುಟ್ಟಿದರೆ ಎಲ್ಲರೂ ‘ತಲೆ’ಗೆ ವಾಪಸು. ದೊಡ್ಡ ದೊಡ್ಡ ತಂಡಗಳಲ್ಲೂ ಹೀಗೇ ಮಾಡುತ್ತಾರಂತೆ. ಶುರುವಿನಲ್ಲಿ ಬೇಕಾದಷ್ಟು ಫಜೀತಿಯಾಯಿತು. ಗಡಿಬಿಡಿ ಒಮ್ಮೆ ಬೋಳುತಲೆಯ ಬೆವರು ಒರೆಸಿಕೊಂಡ, ಡಾಕ್ಟರ ಸೋಲೊ ಶುರುವಾಗುವ ಮೊದಲೇ ನಾವೆಲ್ಲ ತಲೆಗೆ ಹಾರಿದೆವು. ಅವರು ಸ್ಯಾಕ್ಸೋಫೋನ್ ಬಾಯಿಂದ ತೆಗೆದು ‘ನನ್ನ ಪಾಲೆಲ್ಲಿ?’ ಎಂದು ಕೇಳಿದ್ದು ಸಭೆಗೆಲ್ಲ ಕೇಳಿಸಿತು. ಅಂದಿನಿಂದ ಅವನಿಗೆ ಬೆವರು ಬಂದರೆ ಕತ್ತು ಮಾತ್ರ ಒರೆಸಿಕೊಳ್ಳಬೇಕು ಎಂದು ಕಟ್ಟಪ್ಪಣೆ. ಇದನ್ನೆಲ್ಲ ನಿನ್ನ ಮೇಲೆ ಹೊರಿಸಲು ಹೇಳುತ್ತಿಲ್ಲ, ಗಿಣಿ. ನೀನು ಹೋಗಬೇಕಿತ್ತು, ಹೋದೆ. ನಿನ್ನನ್ನು ಕಳಿಸಿ ಬಂದ ದಿನ ನಿಮ್ಮಣ್ಣ ಎಷ್ಟು ಹೆಮ್ಮೆಪಟ್ಟರೋ ನಿನಗೆ ಗೊತ್ತಿಲ್ಲ.

ನಿಮ್ಮಣ್ಣ ಮಾತ್ರ ಎಂದೂ ತಲೆ ಮುಟ್ಟಿಕೊಂಡವರಲ್ಲ. ಸೋಲೊ ತೆಗೆದುಕೊಂಡರೆ ತಾನೇ? ‘ಹೆಸರಿನಲ್ಲೇ ಸೋಲು ಇಟ್ಕೊಂಡಿರೋದು ನನಗ್ಯಾಕೆ? ನಾನು ಗೋಡೆ ಇದ್ದ ಹಾಗೆ. ನೀವು ಚಿತ್ರ ನೇತುಹಾಕಿ’ ಅನ್ನುತ್ತಿದ್ದರು. ಬಲವಂತ ಮಾಡಿದರೆ ಎರಡು ಸಾಲು ನುಡಿಸಿ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ತೆಗೆದು ಡಾಕ್ಟರ ಕಡೆ ತಳ್ಳಿಬಿಡುತ್ತಿದ್ದರು. ಅದು ಬರೀ ವಿನಯ ಎಂದು ನೀವೆಲ್ಲ ತಿಳಿದಿದ್ದಿರಿ. ಅಷ್ಟೇ ಅಲ್ಲ, ಅವರಿಗೆ ಭಯವಿತ್ತು. ಚಿಕ್ಕಂದಿನಲ್ಲಿ ಪಿಯಾನೋ ಕಲಿಸುತ್ತಿದ್ದ ಮೇಷ್ಟರು ತಪ್ಪು ಬಂದ ಕೂಡಲೇ ಮುಚ್ಚಳ ಹಾಕಿಬಿಡುತ್ತಿದ್ದರಂತೆ, ಬೆರಳು ತೆಗೆಯಲೂ ಬಿಡದೆ. ಮದುವೆಯಾದ ಹೊಸತರಲ್ಲಿ ನನಗೊಬ್ಬಳಿಗೆ ಹೇಳಿದ್ದರು.

ಕಾರ್ಯಕ್ರಮ ಗ್ರಂಥಾಲಯದ ಓದುವ ಕೋಣೆಯಲ್ಲಿ. ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಮೊದಲ ಭಾಗದಲ್ಲಿ ಎಲ್ಲ ತಂಡಗಳೂ ನುಡಿಸುವ ಹಳೆಯ ಜಾಝ್ ಸ್ಟ್ಯಾಂಡರ್ಡುಗಳು. ಚೆನ್ನಾಗಿಯೇ ನುಡಿಸಿದೆವು, ಜನ ಚೆನ್ನಾಗಿಯೇ ಚಪ್ಪಾಳೆ ತಟ್ಟಿದರು, ಮನೆಗೆ ಹೋಗಿ ಮರೆಯುವಷ್ಟು ಚೆನ್ನಾಗಿ. ಎರಡನೆಯ ಭಾಗ ನಮ್ಮ ಆಫ್ರಿಕಾದ್ದು. ಆ ನಿವೃತ್ತ ನಾವಿಕರ ಮನೆಯ ಪಿಯಾನೋ ಶ್ರುತಿ ಮಾಡಲು ಹೋಗಿ, ಅವರು ದಕ್ಷಿಣ ಆಫ್ರಿಕಾದ ಬಂದರಿನಿಂದ ತಂದಿದ್ದ ರೆಕಾರ್ಡುಗಳನ್ನು ನಿಮ್ಮಣ್ಣ ಹೊತ್ತುಕೊಂಡು ಬಂದ ದಿನ ನೀನೂ ಇದ್ದೆಯಲ್ಲ. ನಾಲ್ಕೇ ನಾಲ್ಕು ಸ್ವರಗುಚ್ಛ, ಅದೇ ಮತ್ತೆ ಮತ್ತೆ ಸುತ್ತಿ ಬರುತ್ತಿತ್ತು. ದುಡಿದು ಬಂದವರು ಒಂದು ಪುಟ್ಟ ಕೋಣೆಯಲ್ಲಿ ಹಳೆಯ ಹಾರ್ಮೋನಿಯಮ್ಮಿನ ಸುತ್ತ ಸೇರಿ ಮಾಡಿದ ಸಂಗೀತ ಎಂದು ನಾವಿಕರು ಹೇಳಿದ್ದರಂತೆ. ನೀನು ‘ಇಷ್ಟೇನಾ?’ ಅಂದೆ. ನಿಮ್ಮಣ್ಣ ‘ಇಷ್ಟೇ. ಆದ್ರೆ ಎದ್ದು ಹೋಗು ನೋಡೋಣ’ ಅಂದರು. ಯಾರೂ ಎದ್ದು ಹೋಗಲಿಲ್ಲ. ಅಳು ಬಂದರೂ ಕಾಲು ತಾಳ ಹಾಕುವುದನ್ನು ಬಿಡದ ಸಂಗೀತ ಅದು. ಅದನ್ನು ಕೇಳಿದ ಮೇಲೆಯೇ ನಮ್ಮ ತಂಡಕ್ಕೆ ಒಂದು ಮುಖ ಬಂದದ್ದು.

ಅದೇ ಧಾಟಿಯಲ್ಲಿ ಅವರು ತಾವೇ ಕಟ್ಟಿದ್ದ ಹೊಸದೊಂದನ್ನು ಅಂದು ಕೊನೆಗೆ ಇಟ್ಟುಕೊಂಡಿದ್ದೆವು. ತಲೆ ನುಡಿಸಿದ್ದಾಯಿತು. ಡಾಕ್ಟರು ಸೋಲೊ ಶುರುಮಾಡಿದರೆ ಸ್ಯಾಕ್ಸೋಫೋನಿನ ಬಾಯಿಯಲ್ಲಿರುವ ತೆಳು ಜೊಂಡಿನ ಪಟ್ಟಿ ಸೀಳಿ ಕೀರಲು ದನಿ ಬಂತು. ಅವರು ಗಾಬರಿಯಾಗಿ ನಿಮ್ಮಣ್ಣನ ಕಡೆ ಕೈ ತೋರಿಸಿ, ಜೇಬಿನಲ್ಲಿ ಬೇರೆ ಪಟ್ಟಿ ಹುಡುಕತೊಡಗಿದರು. ನಿಮ್ಮಣ್ಣ ಹಿಂದೆ ಮುಂದೆ ನೋಡಿದರು. ನಾನು ‘ನೀವೇ ರೀ! ನುಡಿಸಿ!’ ಎಂದು ಕೂಗಿದೆ. ರೆಕಾರ್ಡಿಂಗಿನಲ್ಲಿ ಅದೂ ಇದೆ.

ಮೊದಲ ಸುತ್ತು ಹೊಸ್ತಿಲಲ್ಲಿ ನಿಂತು ಒಳಗೆ ಬರಲಾ ಎಂದು ಕೇಳುವ ಹಾಗಿತ್ತು. ಎರಡನೆಯದರಲ್ಲಿ ಏನೋ ಆಯಿತು, ಗಿಣಿ. ಏನು ಎಂದು ಹೇಗೆ ಬರೆಯಲಿ? ಅಷ್ಟು ವರ್ಷ ನಮ್ಮೆಲ್ಲರ ಹಿಂದೆ ಕೂತು ಕೇಳಿಸಿಕೊಂಡದ್ದಕ್ಕೆಲ್ಲ ಒಟ್ಟಿಗೆ ಉತ್ತರ ಕೊಡುತ್ತಿರುವಂತೆ ನುಡಿಸಿದರು. ನಿನ್ನ ಹಾಡಿನ ಎಳೆತ ಇತ್ತು ಅದರಲ್ಲಿ. ಡಾಕ್ಟರ ಜಂಬವನ್ನು ಅಣಕಿಸುವ ಒಂದು ತುಂಟ ಸಾಲಿತ್ತು, ಸಭೆಯಲ್ಲಿ ನಗು ಬಂತು. ಗಡಿಬಿಡಿ ಜೀವಮಾನದಲ್ಲಿ ಮೊದಲ ಬಾರಿಗೆ ತಾಳ ಓಡಿಸದೆ ಮೆಲ್ಲಗೆ ಅವರ ಜೊತೆ ನಡೆದ. ನನ್ನ ಕೈಗಳು ತಾವಾಗಿಯೇ ತಂತಿ ಮೀಟುತ್ತಿದ್ದವು, ನಾನು ನಿಮ್ಮಣ್ಣನನ್ನೇ ನೋಡುತ್ತಿದ್ದೆ. ಇವರು ನನ್ನ ಗಂಡ ಎಂದು ಎಲ್ಲರಿಗೂ ಎದ್ದು ಹೇಳಬೇಕು ಅನಿಸಿತು. ಹುಡುಗಿಯ ಹಾಗೆ ಮೈಯೆಲ್ಲ ಬಿಸಿಯಾಗಿತ್ತು.

ಆಗ ಅವರು ಬಲಗೈ ಎತ್ತಿ ತಲೆಯ ಮೇಲಿಟ್ಟುಕೊಂಡರು.

ನಮಗೆ ಅದಕ್ಕೆ ಒಂದೇ ಅರ್ಥ ಗೊತ್ತಿದ್ದದ್ದು. ಗಡಿಬಿಡಿ ಡ್ರಮ್ಮಿನಲ್ಲಿ ಉರುಳಿಕೆ ಬಾರಿಸಿದ, ಡಾಕ್ಟರು ಆಗತಾನೆ ಹೊಸ ಪಟ್ಟಿ ಸಿಕ್ಕಿಸಿದ್ದವರು ಗಟ್ಟಿಯಾಗಿ ಒಳಗೆ ಬಂದರು, ನಾನೂ ಬಂದೆ. ನಿಮ್ಮಣ್ಣ ನನ್ನ ಕಡೆ ತಿರುಗಿ ನೋಡಿದರು. ಕೈ ಇನ್ನೂ ತಲೆಯ ಮೇಲೇ ಇತ್ತು. ನಾನು ನಕ್ಕು, ಆಯ್ತು, ತಿಳಿಯಿತು ಎಂದು ತಲೆಯಾಡಿಸಿದೆ. ದಿನವಿಡೀ ಜನರ ಕಣ್ಣಿಗೆ ಕನ್ನಡಕ ಹೊಂದಿಸುವವಳು ನಾನು. ಅವರು ಕೈ ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡು, ಎಡಗೈ ಒಂದರಲ್ಲೇ ನಮ್ಮ ಜೊತೆ ಕೊನೆಯವರೆಗೆ ನುಡಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿಮ್ಮಣ್ಣ ಏಳಲು ಹೋಗಿ, ಪಿಯಾನೋ ಅಂಚು ಹಿಡಿದು, ನೆಲದ ಮೇಲೆ ಕೂತುಬಿಟ್ಟರು. ಮುಂದಿನದು ನಿನಗೆ ಗೊತ್ತಿದೆ. ಮೆದುಳಿನೊಳಗೆ ರಕ್ತನಾಳ ಒಡೆದಿತ್ತು. ವಾರ ತುಂಬುವ ಮೊದಲೇ ಹೊರಟುಹೋದರು.

‘ಆಗ್ಲೇ ನಿಲ್ಲಿಸಿ ಕರ್ಕೊಂಡು ಬಂದಿದ್ರೆ?’ ಎಂದು ಆಸ್ಪತ್ರೆಯ ಡಾಕ್ಟರಮ್ಮನನ್ನು ಕೇಳಿದೆ. ಅವರು ನನ್ನ ಕೈ ಹಿಡಿದು, ‘ಆ ಐದು ನಿಮಿಷದಿಂದ ಏನೂ ಬದಲಾಗ್ತಿರ್ಲಿಲ್ಲಮ್ಮ. ಒಡೆದಿದ್ದು ಅಷ್ಟು ದೊಡ್ಡದು. ಅದನ್ನ ಹೊತ್ಕೊಂಡು ತಿರುಗ್ಬೇಡಿ’ ಅಂದರು. ಸಮಾಧಾನಕ್ಕೆ ಹೇಳಿದ ಹಾಗಿರಲಿಲ್ಲ, ನಂಬಿದ್ದೇನೆ. ಗಡಿಬಿಡಿಗೂ ನಮ್ಮ ಹಲ್ಲಿನ ಡಾಕ್ಟರಿಗೂ ಅದನ್ನೇ ಹೇಳಿದ್ದೇನೆ. ನೀನೂ ನಂಬು.

ಈಗ ರೆಕಾರ್ಡಿಂಗಿನ ವಿಷಯ. ಅದನ್ನು ಮಾಡಿದ್ದು ಗ್ರಂಥಾಲಯದ ಹುಡುಗಿ, ಕಿವಿ ಚುರುಕಿನವಳು, ಒಳ್ಳೆಯವಳು. ಹೋದ ವಾರ ನನ್ನನ್ನು ಕರೆದು ಕೂರಿಸಿ ಕೇಳಿಸಿದಳು. ‘ಆಂಟಿ, ಈ ಪಿಯಾನೋ ಸೋಲೊ ಥರದ್ದು ನಾನೆಲ್ಲೂ ಕೇಳಿಲ್ಲ. ಕೊನೇಲಿ ಒಂದೇ ಕೈಯಲ್ಲಿ ಎಷ್ಟು ಹದವಾಗಿ ನುಡಿಸಿದ್ದಾರೆ ನೋಡಿ’ ಅಂದಳು. ಆಮೇಲೆ ಅವಳೇ ಒಂದು ಉಪಾಯ ಸೂಚಿಸಿದಳು. ಸೋಲೊ ಮುಗಿಯುವ ಹತ್ತಿರ ಸ್ಯಾಕ್ಸೋಫೋನ್ ಸ್ವಲ್ಪ ಒರಟಾಗಿ ನುಗ್ಗುತ್ತದೆ, ಅದನ್ನು ಕತ್ತರಿಸಿ ಪಿಯಾನೋ ಮೆಲ್ಲನೆ ಕರಗಿ ಹೋಗುವ ಹಾಗೆ ಮಾಡಬಹುದಂತೆ. ಕೇಳುವವರಿಗೆ ಒಂಚೂರೂ ತಿಳಿಯುವುದಿಲ್ಲವಂತೆ. ನಾನು ಬೇಡವೇ ಬೇಡ ಎಂದು ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. ಪಾಪ, ಹುಡುಗಿ ಬೆಚ್ಚಿಬಿದ್ದಳು. ಕತ್ತರಿಸಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಎಂದು ಏನೋ ಒಂದು ಕಾರಣ ಹೇಳಿ ಎದ್ದು ಬಂದೆ.

ಅಂತೂ ಕಳಿಸುತ್ತಿದ್ದೇನೆ. ಈ ಲಕೋಟೆಯಲ್ಲೇ ಹತ್ತಿಯಲ್ಲಿ ಸುತ್ತಿ ಇಟ್ಟ ಪುಟ್ಟ ಪೆನ್‌ಡ್ರೈವ್ ಇದೆ. ಹೊರತರಬೇಕು ಅನಿಸಿದರೆ ಹೊರತಾ. ಒಂದೇ ಮಾತು: ಎಲ್ಲಿಯೂ ಕತ್ತರಿಸಬೇಡ, ಏನನ್ನೂ ನುಣುಪು ಮಾಡಬೇಡ. ನನ್ನ ಕೂಗೂ ಇರಲಿ, ಡಾಕ್ಟರ ಕೀರಲೂ ಇರಲಿ. ನಿಮ್ಮಣ್ಣನ ಸೋಲೊ ಎಲ್ಲಿಗೆ ನಿಂತಿತೋ ಅಲ್ಲಿಗೇ ನಿಲ್ಲಲಿ.

ಕಡಲಿನ ಗಾಳಿಗೆ ಗಂಟಲು ಕೆಡಿಸಿಕೊಳ್ಳಬೇಡ. ಬಿಸಿನೀರು ಕುಡಿ, ಹಾಡಿದ ಮೇಲೆ ಹೆಚ್ಚು ಹರಟಬೇಡ, ನಿನಗೆ ಅದೇ ಕಷ್ಟ ಎಂದು ಗೊತ್ತು. ನಿಮ್ಮಣ್ಣನ ಪಾಲಿನ ಆಶೀರ್ವಾದವನ್ನೂ ಇನ್ನು ಮೇಲೆ ನಾನೇ ಮಾಡಬೇಕಲ್ಲ, ಎರಡು ಕೈಯನ್ನೂ ನಿನ್ನ ತಲೆಯ ಮೇಲಿಟ್ಟಿದ್ದೇನೆ ಎಂದುಕೋ. ನೂರು ಕಾಲ ಹಾಡಿಕೊಂಡಿರು. ರಜೆ ಸಿಕ್ಕಾಗ ಬಾ, ನಿನ್ನ ಕೋಣೆ ಗುಡಿಸಿ ಇಟ್ಟಿದ್ದೇನೆ.

ಇತಿ, ನಿನ್ನನ್ನು ತುಂಬಾ ನೆನೆಯುವ
ಅತ್ತಿಗೆ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲಾಗಲಿಲ್ಲ. ಆಂಬುಲೆನ್ಸಿನಲ್ಲಿ ನಿಮ್ಮಣ್ಣನಿಗೆ ಇನ್ನೂ ಮಾತಿತ್ತು. ಸ್ವಲ್ಪ ತೊದಲುತ್ತಿದ್ದರು. ನನ್ನ ಕೈ ಹಿಡಿದು, ‘ಯಾಕೇ ನಡುವೆ ನಿಲ್ಲಿಸ್ಬಿಟ್ರಿ? ಅಷ್ಟು ಕೆಟ್ಟದಾಗಿತ್ತಾ?’ ಎಂದು ಕೇಳಿದರು. ಏನೋ ಬಡಬಡಿಸುತ್ತಿದ್ದಾರೆ ಎಂದುಕೊಂಡೆ. ಗ್ರಂಥಾಲಯದಲ್ಲಿ ಕೂತು ಕೇಳಿದಾಗ ಗೊತ್ತಾಯಿತು, ಗಿಣಿ. ರೆಕಾರ್ಡಿಂಗಿನಲ್ಲಿ ಕೈ ಕಾಣುವುದಿಲ್ಲವಲ್ಲ. ಎಂದೂ ಬಾಯಿ ಬಿಡದ ಒಬ್ಬ ಮನುಷ್ಯ ಮನಸ್ಸು ಬಿಚ್ಚಿ ಮಾತಾಡುತ್ತಿದ್ದಾನೆ, ಮಾತಿನ ನಡುವೆಯೇ ಅವನ ಸ್ವಂತದವರು ಮೂವರು ಮೇಲೆ ಬಿದ್ದು ಬಾಯಿ ಮುಚ್ಚಿಸುತ್ತಾರೆ, ಕೇಳಿಸುವುದು ಅಷ್ಟೇ. ನೋವಿಗೆ ತಮ್ಮ ಕೈ ತಾನಾಗಿ ತಲೆಗೆ ಹೋದದ್ದು ಅವರಿಗೆ ಗೊತ್ತೇ ಇರಲಿಲ್ಲ. ನಾವು ಬೇಡ ಅಂದೆವು ಎಂದೇ ತಿಳಿದರು. ನಾನು ನಕ್ಕದ್ದನ್ನೂ ನೋಡಿದ್ದರು. ‘ಅಂಥದ್ದು ನಾನು ಹುಟ್ಟಿದ್ಮೇಲೆ ಕೇಳಿಲ್ಲ ರೀ’ ಎಂದು ಒಂದು ಮಾತು ಹೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು? ‘ಈಗ ಅದೆಲ್ಲ ಯಾಕೆ, ಸುಮ್ನೆ ಮಲಗಿ’ ಎಂದೆ. ‘ಸರಿ’ ಎಂದು ಕೈ ಬಿಟ್ಟರು. ಆಮೇಲೆ ಅವರು ಮಾತಾಡಲಿಲ್ಲ.